ಊಟದ ಮೇಜಿನ ಆಕ್ಷೇಪಗಳು

"ಲಿಫ್ಟ್‌ನವನನ್ನ ಮರೆತಿದ್ದೀಯ," ಎಂದಳು ಅವಳು, ಗಂಡನ ತಟ್ಟೆಗೆ ಅನ್ನ ಬಡಿಸುತ್ತಾ.

ನೀರಿನ ಲೋಟದತ್ತ ಹೋಗುತ್ತಿದ್ದ ಅವನ ಕೈ ನಿಂತಿತು. "ಯಾವ ಲಿಫ್ಟು?"

"ನಮ್ಮ ಆಫೀಸಿಂದು. ಎಂಟು ಜನ ಅಂತ ಬೋರ್ಡ್ ಹಾಕಿದಾರಲ್ಲ, ಅದು ಸ್ಟೂಲ್ ಮೇಲೆ ಕೂತಿರ್ತಾನಲ್ಲ, ಅವನನ್ನೂ ಸೇರಿಸಿ. ನೀನು ಎಂಟು ಜನಾನ ಒಳಗೆ ತುಂಬಿಬಿಟ್ಟು, ಆಮೇಲೆ ಅವನನ್ನೂ ಕೂರಿಸಿದ್ದೀಯ."

ಆಫೀಸಿನಲ್ಲಿ ನಿಜವಾಗಿಯೂ ಅಂಥ ಲಿಫ್ಟ್ ಇತ್ತು. ಹಳೆಯ ಕಟ್ಟಡ, ಹಳೆಯ ಲಿಫ್ಟು, ಅದರೊಳಗೆ ಗುಂಡಿ ಒತ್ತಲೆಂದೇ ಒಬ್ಬ ಮನುಷ್ಯ. ಆದರೆ ಅವಳು ಹೇಳುತ್ತಿದ್ದದ್ದು ಆ ಲಿಫ್ಟಿನ ಸಂಗತಿಯಲ್ಲ, ಆ ಮಧ್ಯಾಹ್ನ ಗಂಡ ಅವಳ ಪರಿಶೀಲನೆಗೆ ಕಳಿಸಿದ್ದ ಕೋಡಿನ ಸಂಗತಿ.

ಗಂಡ ಹೆಂಡತಿ ಇಬ್ಬರದೂ ಒಂದೇ ಕಂಪನಿ, ಒಂದೇ ತಂಡ. ಲಸಿಕೆ ಸಾಗಿಸುವ ತಂಪುಪೆಟ್ಟಿಗೆಗಳನ್ನು ಮಾಡುವ ಕಂಪನಿ ಅದು. ಪೆಟ್ಟಿಗೆಯ ಮುಚ್ಚಳದೊಳಗೆ ಒಂದು ಪುಟ್ಟ ಬೋರ್ಡು, ಅದರ ಮೇಲೆ ಉಗುರಿನಷ್ಟಗಲದ ಫ್ಲ್ಯಾಶ್ ಮೆಮರಿ ಚಿಪ್ಪು. ದಾರಿಯುದ್ದಕ್ಕೂ ಒಳಗೆ ಎಷ್ಟು ತಂಪಿತ್ತು ಎಂದು ಆ ಚಿಪ್ಪು ಬರೆದಿಟ್ಟುಕೊಳ್ಳುತ್ತದೆ. ಪೆಟ್ಟಿಗೆ ಆಸ್ಪತ್ರೆ ಮುಟ್ಟಿದ ಮೇಲೆ ಅಲ್ಲಿನವರು ಅದನ್ನು ಓದಿ, ಲಸಿಕೆಯನ್ನು ಮಕ್ಕಳಿಗೆ ಚುಚ್ಚಬೇಕೋ ಚೆಲ್ಲಬೇಕೋ ತೀರ್ಮಾನಿಸುತ್ತಾರೆ. ಚಿಪ್ಪಿನಲ್ಲಿ ಬೇಕಾದಷ್ಟು ಜಾಗವಿದೆ. ತೊಂದರೆ ಇರುವುದು ಮಾಹಿತಿ ಹೊರಬರುವ ದಾರಿಯಲ್ಲಿ. ಚಿಪ್ಪಿನಿಂದ ಮಾಹಿತಿ ಹೊತ್ತು ತರುವ ಕಂಟ್ರೋಲರ್ ಒಂದು ಸಲಕ್ಕೆ ಇಷ್ಟೇ ಎಂದು ಮಿತಿ ಹಾಕಿಕೊಂಡಿರುವ ಆಸಾಮಿ. ಹೆಚ್ಚು ಕೇಳಿದರೆ ಆಗುವುದಿಲ್ಲ ಎಂದು ಹೇಳುವ ಸೌಜನ್ಯವೂ ಅದಕ್ಕಿಲ್ಲ. ಕೈಲಾದಷ್ಟು ತಂದು, ಉಳಿದದ್ದನ್ನು ಅಲ್ಲೇ ಬಿಟ್ಟು, ಎಲ್ಲ ಮುಗಿಯಿತು ಎಂದು ಹೇಳಿಬಿಡುತ್ತದೆ. ಹಾಗಾಗಿ ಆ ಕಂಟ್ರೋಲರನ್ನು ದುಡಿಸುವ ಕೋಡನ್ನು, ಅಂದರೆ ಡ್ರೈವರನ್ನು, ಬರೆಯುವವನು ದೊಡ್ಡ ಹೊರೆಯನ್ನು ಮಿತಿಗೆ ತಕ್ಕಂತೆ ತುಂಡು ತುಂಡು ಮಾಡಿ ಕೇಳಬೇಕು.

ಗಂಡ ತುಂಡು ಮಾಡಿದ್ದ. ಆದರೆ ಪ್ರತಿ ತುಂಡಿನ ಜೊತೆಗೂ ‘ಓದು, ಇಂಥ ಕಡೆಯಿಂದ ಓದು’ ಎಂಬ ಆಜ್ಞೆಯೂ ಅದೇ ಗಾಡಿಯಲ್ಲಿ ಹೋಗುತ್ತದೆ, ಅದೂ ಮಿತಿಯಲ್ಲಿ ಜಾಗ ತಿನ್ನುತ್ತದೆ ಎಂಬುದನ್ನು ಮರೆತಿದ್ದ. ಪ್ರತಿ ತುಂಡಿನ ಬಾಲ ಚಿಪ್ಪಿನಲ್ಲೇ ಉಳಿಯುತ್ತಿತ್ತು. ಅದರ ಜಾಗದಲ್ಲಿ ಹಿಂದಿನ ಸಲದ ಹಳಸಲು ಅಂಕಿಗಳು ಹಾಗೇ ಕೂತಿರುತ್ತಿದ್ದವು.

"ಅಯ್ಯೋ," ಎಂದ ಅವನು, ಅರ್ಥವಾದ ಮೇಲೆ. "ಟೆಸ್ಟೆಲ್ಲ ಪಾಸಾಯ್ತಲ್ಲ?"

"ಚಿಕ್ಕ ಚಿಕ್ಕದನ್ನೇ ಓದಿಸಿದ್ದೀಯ. ಲಿಫ್ಟು ತುಂಬಿದಾಗ ತಾನೇ ಗೊತ್ತಾಗೋದು?"

"ಎಂಥ ಕಣ್ಣು ಕಣೇ ನಿಂದು." ಅವನು ಅನ್ನ ಕಲಸಿದ. ತಲೆ ಎತ್ತದೆ, "ಅಲ್ಲಿ ಬರೆದಿಲ್ಲ ತಾನೆ?" ಎಂದು ಕೇಳಿದ.

"ಇಲ್ಲಪ್ಪ. ಈಗೀಗ ಯಾವತ್ತು ಬರೆದಿದೀನಿ?"

ಸೋಫಾದ ಮೇಲಿದ್ದ ಅತ್ತೆ ಟಿವಿಯ ಸದ್ದು ತಗ್ಗಿಸಿದರು. ಅವಳು ಕೂಡಲೇ ಗಂಡನಿಗೆ, "ಇನ್ನೊಂಚೂರು ಹಾಕ್ಲಾ ನಿಮಗೆ?" ಎಂದಳು. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ಈ ಗಂಡ ಹೆಂಡತಿ. ಪರೀಕ್ಷೆಯಲ್ಲಿ ಅವನು ಅವಳ ಉತ್ತರ ನೋಡಿ ಬರೆದದ್ದೂ ಉಂಟು. ಆದರೂ ಅತ್ತೆಯ ಕಿವಿಗೆ ಬೀಳುವಂತೆ ಗಂಡನನ್ನು ‘ನೀನು’ ಎನ್ನುವ ಧೈರ್ಯ ಅವಳಿಗಿನ್ನೂ ಬಂದಿರಲಿಲ್ಲ. ಟಿವಿ ಜೋರಾಗಿದ್ದರೆ ನೀನು, ತಗ್ಗಿದರೆ ನೀವು. ಮೂರನೆಯದು ಆಫೀಸಿನದು: ಅಲ್ಲಿ ಅವನು ಅವಳನ್ನು ಮೇಡಂ ಎನ್ನುತ್ತಿದ್ದ, ಅವಳು ಅವನನ್ನು ಸಾರ್ ಎನ್ನುತ್ತಿದ್ದಳು, ಇಬ್ಬರೂ ಮನಸ್ಸಿನೊಳಗೇ ನಗುತ್ತಿದ್ದರು.

ಅಲ್ಲಿ ಬರೆಯದಿರುವುದು ಎಂದರೆ ಆಫೀಸಿನ ಪರಿಶೀಲನೆಯ ಪುಟದಲ್ಲಿ ಬರೆಯದಿರುವುದು. ಆ ಕಂಪನಿಯಲ್ಲಿ ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ಒಪ್ಪಬೇಕು. ತಪ್ಪು ಕಂಡರೆ ಆ ಸಾಲಿನ ಪಕ್ಕದಲ್ಲೇ ಆಕ್ಷೇಪ ಬರೆಯಬೇಕು. ಬರೆದದ್ದು ಇಡೀ ತಂಡಕ್ಕೆ ಕಾಣುತ್ತದೆ, ಅಳಿಸಲು ಬರುವುದಿಲ್ಲ. ತಪ್ಪು ದೊಡ್ಡದಾಗಿದ್ದರೆ ಕೆಂಪು ಗುರುತು ಹಾಕುವ ಅಧಿಕಾರವೂ ಓದುವವರಿಗಿದೆ. ಹಾಕಿದವರೇ ತೆಗೆಯುವ ತನಕ ಆ ಕೋಡು ಒಂದು ಹೆಜ್ಜೆ ಮುಂದೆ ಹೋಗುವಂತಿಲ್ಲ.

ಮದುವೆಯಾದ ಹೊಸತರಲ್ಲಿ ಅವಳು ಒಮ್ಮೆ ಗಂಡನ ಕೋಡಿಗೆ ಕೆಂಪು ಗುರುತು ಹಾಕಿದ್ದಳು. ಅವತ್ತು ಇಡೀ ಮಹಡಿ ನಕ್ಕಿತ್ತು. ಯಾವ ಸುದ್ದಿಯೂ ಹೊಟ್ಟೆಯಲ್ಲಿ ನಿಲ್ಲದೆ ತಂಡದಲ್ಲಿ ರೇಡಿಯೊ ಎಂದು ಹೆಸರಾದ ಸಹೋದ್ಯೋಗಿಯೊಬ್ಬ ಚಹಾ ಯಂತ್ರದ ಮುಂದೆ ನಿಂತು, "ಮನೇಲೂ ಕೆಂಪು ದೀಪಾನೇನಪ್ಪಾ?" ಎಂದು ಕೂಗಿ ಕೇಳಿದ್ದ. ಗಂಡ ನಕ್ಕು ಸುಮ್ಮನಾದವನು ಮನೆಗೆ ಬಂದು ಮುಖ ಊದಿಸಿಕೊಂಡು ಕೂತ. ಊಟಕ್ಕೆ ಕರೆದರೆ ಹಸಿವಿಲ್ಲ, ಮಾತಾಡಿಸಿದರೆ ತಲೆನೋವು. ಕೊನೆಗೆ ಒಂದು ದಿನ ಅವಳೇ ಸೋತು, "ಇನ್ಮೇಲೆ ಏನಿದ್ರೂ ಮನೇಲೇ ಹೇಳ್ತೀನಿ, ಬಾ ಊಟ ಮಾಡು," ಎಂದಿದ್ದಳು. ಅವನು ಬಂದು ಊಟ ಮಾಡಿದ. ಏರ್ಪಾಡು ಅಷ್ಟು ಸುಲಭವಾಗಿ ಆಗಿಹೋಯಿತು.

ಅಂದಿನಿಂದ ಅವನ ತಪ್ಪುಗಳೆಲ್ಲ ಅನ್ನದ ಪಾತ್ರೆ, ನೀರಿನ ಜಗ್ಗುಗಳ ನಡುವೆ ಸಿಕ್ಕಿಬೀಳುತ್ತಿದ್ದವು. ಆಫೀಸಿನ ಪುಟದಲ್ಲಿ ಅವಳು ‘ಸರಿಯಾಗಿದೆ’ ಎಂದಷ್ಟೇ ಬರೆಯುತ್ತಿದ್ದಳು. ಅದು ಸುಳ್ಳೇನೂ ಅಲ್ಲ, ಅವಳು ಬರೆಯುವ ಹೊತ್ತಿಗೆ ಅದು ಸರಿಯಾಗಿರುತ್ತಿತ್ತು. ಹೀಗೆ ಮೇಜಿನ ಎರಡು ಬದಿಗಳಲ್ಲಿ ಕೂತು ಒಂದು ತಪ್ಪನ್ನು ಒಟ್ಟಿಗೆ ಬಿಡಿಸುವುದರಲ್ಲಿ ಒಂದು ಸುಖವೂ ಇತ್ತು. ಬೇರೆ ದಂಪತಿಗಳಿಗೆ ಸಿನಿಮಾ, ಸುತ್ತಾಟ ಏನೇನೋ ಇರುತ್ತದೆ; ಇವರಿಗೆ ಇದಿತ್ತು. ಅವಳು ಅದನ್ನು ಪ್ರೀತಿ ಎಂದೇ ತಿಳಿದಿದ್ದಳು. ಬಹುಶಃ ಆಗಿತ್ತೂ ಕೂಡ.

ಮರುದಿನ ಬೆಳಿಗ್ಗೆ ಅವನು ತಿದ್ದಿದ ಕೋಡನ್ನು ಹಾಕಿದ. ಜೊತೆಗೆ ಒಂದು ಉದ್ದನೆಯ ಟಿಪ್ಪಣಿ. ಕಂಟ್ರೋಲರಿನ ಮಿತಿಯಲ್ಲಿ ಆಜ್ಞೆಯೂ ಸೇರುತ್ತದೆ ಎಂಬುದು ಸುಲಭವಾಗಿ ಕಣ್ತಪ್ಪುವ ಸಂಗತಿ, ಅದನ್ನು ಗಮನಿಸಿ ಲೆಕ್ಕ ಸರಿಪಡಿಸಲಾಗಿದೆ, ಇದನ್ನು ಎಂಟು ಜನರ ಲಿಫ್ಟಿಗೆ ಹೋಲಿಸಬಹುದು, ಅದರಲ್ಲಿ ಲಿಫ್ಟ್‌ನವನೂ ಸೇರಿರುತ್ತಾನೆ. ಮ್ಯಾನೇಜರ್ ಅದರ ಕೆಳಗೆ, ‘ಅದ್ಭುತ ಹೋಲಿಕೆ! ಎಲ್ಲರೂ ಓದಬೇಕು,’ ಎಂದು ಬರೆದರು. ರೇಡಿಯೊ ಮೂರು ಚಪ್ಪಾಳೆ ಗುರುತು ಹಾಕಿದ.

ಅವಳು ಅದನ್ನು ಎರಡು ಸಲ ಓದಿದಳು. ‘ಸರಿಪಡಿಸಲಾಗಿದೆ’ ಎಂಬಲ್ಲಿ ಯಾರು ಎಂಬುದಿರಲಿಲ್ಲ. ತಪ್ಪು ಹಿಡಿದ ಹೆಸರನ್ನು ತೆಗೆದುಕೊಂಡ, ಸರಿ. ಹೋಲಿಕೆಯನ್ನಾದರೂ ನನಗೆ ಬಿಡಬಹುದಿತ್ತಲ್ಲ ಅನ್ನಿಸಿತು. ಮರುಕ್ಷಣ, ಗಂಡನ ಜೊತೆ ಲಿಫ್ಟಿಗಾಗಿ ಜಗಳವಾಡುವಷ್ಟು ಸಣ್ಣವಳಾದೆನಾ ಎಂದು ತನ್ನನ್ನೇ ಗದರಿಕೊಂಡು, ‘ಸರಿಯಾಗಿದೆ’ ಎಂದು ಬರೆದು ಒಪ್ಪಿಗೆ ಒತ್ತಿದಳು.

ತಂಡದ ಮುಖ್ಯಸ್ಥೆ ಬೇರೆ ಕೆಲಸ ಹಿಡಿದು ಹೋಗಿ ಆ ಸ್ಥಾನ ಖಾಲಿಯಾದದ್ದು ಅದೇ ಹೊತ್ತಿಗೆ. ಹೋಗುವ ಮುಂಚೆ ಆಕೆ ಇವಳ ಭುಜ ತಟ್ಟಿ, "ನೀನೇ ಕಣೇ, ಇನ್ಯಾರಿದಾರೆ?" ಎಂದಿದ್ದಳು. ಅವಳೂ ಹಾಗೇ ಅಂದುಕೊಂಡಿದ್ದಳು. ಆಸೆಯನ್ನು ಮುಚ್ಚಿಡುವವಳಲ್ಲ, ಬೇಕು ಅಂದರೆ ಬೇಕು. ಈ ಕಂಪನಿಗೆ ಮೊದಲು ಸೇರಿದವಳು ಅವಳು, ಗಂಡನನ್ನು ಇಲ್ಲಿಗೆ ಸೇರಿಸಿದವಳೂ ಅವಳೇ. ಚಿಪ್ಪುಗಳ ಕೈಪಿಡಿಗಳನ್ನು ಜನ ಕಾದಂಬರಿ ಓದುವ ಹಾಗೆ ಓದುತ್ತಿದ್ದಳು. ಆಸೆ ಪಡದೆ ಇನ್ನೇನು?

ಮ್ಯಾನೇಜರ್ ಅವಳನ್ನು ಗಾಜಿನ ಕೋಣೆಗೆ ಕರೆದರು. ಒಳ್ಳೆಯ ಮನುಷ್ಯ, ಯಾರಿಗೂ ಗಟ್ಟಿಯಾಗಿ ಬೈದವರಲ್ಲ. ಬೈಯುವುದಕ್ಕೆ ಅವರ ಬಳಿ ಗ್ರಾಫುಗಳಿದ್ದವು. ಪರದೆಯ ಮೇಲೆ ಬಣ್ಣಬಣ್ಣದ ಕಂಬಗಳು. ಅವರು ಪೆನ್ನಿನ ಹಿಂಭಾಗದಿಂದ ಒಂದು ಗಿಡ್ಡ ಕಂಬವನ್ನು ತೋರಿಸಿದರು.

"ಇದು ನೀವು ಮೇಡಂ. ನಿಮ್ಮ ಕೋಡ್ ಬಗ್ಗೆ ಎರಡು ಮಾತಿಲ್ಲ. ಆದರೆ ತಂಡದ ಲೀಡ್ ಆಗೋರಿಗೆ ಮುಖ್ಯವಾಗಿ ಬೇಕಾಗಿರೋದು ಬೇರೆಯವರ ತಪ್ಪು ಹಿಡಿಯೋ ಕಣ್ಣು. ನಿಮ್ಮ ಇತ್ತೀಚಿನ ಪರಿಶೀಲನೆಗಳನ್ನ ನೋಡಿದೆ. ಎಲ್ಲಾ ‘ಸರಿಯಾಗಿದೆ’, ‘ಸರಿಯಾಗಿದೆ’. ಗಂಭೀರವಾದ ಆಕ್ಷೇಪ ಒಂದಾದ್ರೂ ಬೇಡ್ವಾ?"

"ನನಗೆ ಪರಿಶೀಲನೆಗೆ ಬರೋದು ಹೆಚ್ಚಾಗಿ ಅವರ ಕೋಡೇ ಸಾರ್," ಎಂದಳು ಅವಳು. ಗಂಡನನ್ನು ಆಫೀಸಿನಲ್ಲಿ ‘ಅವರು’ ಎನ್ನುವುದೇ ರೂಢಿ. "ತಪ್ಪು ಸಿಕ್ಕಿದ್ರೆ ಬಾಯಲ್ಲಿ ಹೇಳಿಬಿಡ್ತೀನಿ. ಮನೇಲಿ. ಬೆಳಿಗ್ಗೆ ಅವರು ಸರಿ ಮಾಡಿ ಹಾಕ್ತಾರೆ."

ಮ್ಯಾನೇಜರ್ ಹುಬ್ಬು ಮೇಲೇರಿಸಿದರು. "ಉದಾಹರಣೆಗೆ?"

"ಉದಾಹರಣೆಗೆ ಆ ಲಿಫ್ಟ್‌ನವನು."

ಹೇಳುವಾಗ ಅವಳಿಗೆ ಗಂಡನ ಮೇಲೆ ಚಾಡಿ ಹೇಳುತ್ತಿರುವಂತೆ ಅನ್ನಿಸಿತು. ನಿಜ ಹೇಳುವುದಕ್ಕೂ ಚಾಡಿ ಹೇಳುವುದಕ್ಕೂ ಅವಳ ದನಿಯಲ್ಲಿ ವ್ಯತ್ಯಾಸವೇ ಇಲ್ಲವಾಗಿತ್ತು.

"ಓ," ಎಂದರು ಮ್ಯಾನೇಜರ್. ಸ್ವಲ್ಪ ಯೋಚಿಸಿ, ಇದರಲ್ಲೇನಿದೆ ಕೇಳಿಬಿಡೋಣ ಎನ್ನುವಂತೆ, ಗಾಜಿನ ಆಚೆ ಹೋಗುತ್ತಿದ್ದ ಗಂಡನಿಗೆ ಕೈಬೀಸಿ ಒಳಗೆ ಕರೆದರು. ಅವನು ಬಾಗಿಲು ಅರ್ಧ ತೆರೆದು ತಲೆ ಒಳಗಿಟ್ಟ. ಕೈಯಲ್ಲಿ ಚಹಾದ ಕಪ್ಪು.

"ಏನ್ ಸಾರ್, ಮೇಡಂ ನಿಮಗೆ ಮನೇಲಿ ತಪ್ಪು ತೋರಿಸ್ತಾರಂತೆ, ಹೌದಾ?"

ಅವನು ಹೆಂಡತಿಯ ಮುಖ ನೋಡಿದ. ಪರದೆಯ ಮೇಲಿನ ಕಂಬಗಳನ್ನು ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು ಎಂಬುದು ಅವಳಿಗೆ ಅರ್ಥವಾಯಿತು. ಒಟ್ಟಿಗೆ ಬಾಳಿದವರಿಗೆ ಅಷ್ಟು ಗೊತ್ತಾಗುತ್ತದೆ. ಹೌದು ಎಂದರೆ ಸಾಕಿತ್ತು. ಅವನು ಹೌದೆಂದೇ ಹೇಳಿದ.

"ಅಯ್ಯೋ, ದಿನಾ ತೋರಿಸ್ತಾರೆ ಸಾರ್! ಟವೆಲ್ ಎಲ್ಲಿ ಹಾಕ್ದೆ, ದೀಪ ಯಾಕೆ ಆರಿಸ್ಲಿಲ್ಲ, ಚಪ್ಪಲಿ ಯಾಕೆ ಅಡ್ಡ ಬಿಟ್ಟೆ. ಮನೇಲಿ ನಾನು ಮಾಡಿದ್ದೆಲ್ಲ ತಪ್ಪೇ."

ಮ್ಯಾನೇಜರ್ ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ಜೋರಾಗಿ ನಕ್ಕರು. "ನಮ್ಮನೇಲೂ ಅದೇ ಕಥೆ ಬಿಡಿ!" ಎಂದರು. ಗಂಡನೂ ನಕ್ಕ. ನಗುತ್ತಲೇ ಬಾಗಿಲು ಎಳೆದುಕೊಂಡು ಹೋದ. ಮ್ಯಾನೇಜರ್ ಕಣ್ಣೊರೆಸಿಕೊಂಡು ಅವಳ ಕಡೆ ತಿರುಗಿದಾಗ ಅವಳ ಮುಖದ ಮೇಲೂ ಒಂದು ನಗುವಿತ್ತು. ಅದು ಯಾವಾಗ ಬಂದು ಕೂತಿತೆಂದು ಅವಳಿಗೇ ತಿಳಿಯಲಿಲ್ಲ. ಆಮೇಲೆ ಎಷ್ಟೋ ದಿನ ಅವಳನ್ನು ಸುಟ್ಟದ್ದು ಗಂಡ ಆಡಿದ ಮಾತಲ್ಲ, ತನ್ನ ಆ ನಗು.

ಗಂಡ ಲೀಡ್ ಆದ. ಅತ್ತೆ ಅಕ್ಕಪಕ್ಕದ ಮನೆಗಳಿಗೆಲ್ಲ ಸಿಹಿ ಹಂಚಿ ಬಂದರು. "ನೀನೂ ಬಾಯಿ ಸಿಹಿ ಮಾಡ್ಕೊಳ್ಳಮ್ಮ. ಗಂಡ ಮೇಲೆ ಬಂದ್ರೆ ಹೆಂಡ್ತೀನೂ ಮೇಲೆ ಬಂದ ಹಾಗೇ ಅಲ್ವಾ," ಎಂದು ಸೊಸೆಯ ಕೈಗೂ ಒಂದು ತುಂಡು ಇಟ್ಟರು. ಅವರ ಮನಸ್ಸಿನಲ್ಲಿ ಕೊಂಕಿರಲಿಲ್ಲ. ಸೊಸೆಗೂ ಅದೇ ಸ್ಥಾನ ಬೇಕಿತ್ತೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವಳು ಅದನ್ನು ಬಾಯಿಗೆ ಹಾಕಿಕೊಂಡು ಅಗಿದು ನುಂಗಿದಳು.

ಆ ಸಂಜೆ ಟಿವಿ ಜೋರಾಗಿಯೇ ಇತ್ತು.

"ತಮಾಷೆಗೆ ಅಂದೆ ಕಣೇ," ಎಂದ ಗಂಡ. "ನಾನೇನು ಇಲ್ಲ ಅಂದ್ನಾ? ಹೌದು ಅಂತಾನೇ ತಾನೆ ಅಂದಿದ್ದು?"

"ಹೌದು."

"ಅವರು ಆಗಲೇ ನಿರ್ಧಾರ ಮಾಡಿಬಿಟ್ಟಿದ್ರು. ನಾನು ಏನಂದಿದ್ರೂ ಅಷ್ಟೇ ಇತ್ತು. ಯಾರಾದ್ರೇನು, ಬರೋದು ಒಂದೇ ಮನೆಗೆ ತಾನೆ?"

ಇದೇ ಮಾತನ್ನು ತಾನು ಲೀಡ್ ಆಗಿ ಅವನಿಗೆ ಹೇಳಿದ್ದರೆ ಹೇಗಿರುತ್ತಿತ್ತು ಎಂದು ಅವಳು ಯೋಚಿಸಿದಳು. ಆಗ ಅವನು ಎಷ್ಟು ದಿನ ಮುಖ ಊದಿಸಿಕೊಂಡು ಕೂರುತ್ತಿದ್ದ? ಕೇಳಲಿಲ್ಲ. ಅವನ ತಟ್ಟೆಗೆ ಬಡಿಸಿದಳು, ತನ್ನ ತಟ್ಟೆಗೆ ಬಡಿಸಿಕೊಂಡಳು. ಊಟ ಮುಗಿಯುವ ತನಕ ಅವನು ಒಬ್ಬನೇ ಮಾತಾಡಿದ.

ಅವಳು ಜಗಳವಾಡಲಿಲ್ಲ. ಆಡಿದ್ದರೆ ಮುಗಿದುಹೋಗುತ್ತಿತ್ತೋ ಏನೋ. ಅವಳು ಮನೆಯಲ್ಲಿ ಆಫೀಸಿನ ಮಾತು ನಿಲ್ಲಿಸಿದಳು, ಅಷ್ಟೇ. ಅವನು ಎತ್ತಿದರೆ "ಹೂಂ" ಎನ್ನುತ್ತಿದ್ದಳು. ಸೋರುವ ನಲ್ಲಿ, ಅತ್ತೆಯ ಮಂಡಿನೋವಿನ ಮಾತ್ರೆ, ನಾಳೆಯ ತರಕಾರಿ, ಮಾತಿಗೇನೂ ಬರವಿರಲಿಲ್ಲ. ಅವನು ಅದನ್ನು ಸಮಾಧಾನ ಎಂದುಕೊಂಡ.

ಕೆಲವು ವಾರಗಳ ಮೇಲೆ ಅವನ ಇನ್ನೊಂದು ಕೋಡು ಅವಳ ಪರಿಶೀಲನೆಗೆ ಬಂತು. ಮೊದಲಿನದು ಚಿಪ್ಪಿನಿಂದ ಓದುವುದಕ್ಕೆ. ಇದು ಚಿಪ್ಪಿಗೆ ಬರೆಯುವುದಕ್ಕೆ. ಮಾರನೆಯ ದಿನ ಹೊಸ ಪೆಟ್ಟಿಗೆಗಳು ಒಂದು ಮಕ್ಕಳ ಆಸ್ಪತ್ರೆಗೆ ಪ್ರಯೋಗಕ್ಕೆ ಹೋಗುವುದಿತ್ತು. ಲೀಡ್ ಬರೆದ ಕೋಡು, ಹೆಂಡತಿಯ ಪರಿಶೀಲನೆ. ಊಟದ ಬಿಡುವಿನೊಳಗೆ ಒಪ್ಪಿಗೆ ಬಂದೀತೆಂದು ಎಲ್ಲರೂ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಿದ್ದರು.

ಅವಳು ಒಂದು ಸಲ ಓದಿದಳು. ಕುರ್ಚಿ ಮುಂದಕ್ಕೆ ಎಳೆದುಕೊಂಡು ಮತ್ತೆ ಓದಿದಳು. ತನ್ನದೇ ಲಿಫ್ಟ್‌ನವನು ಅಲ್ಲಿ ಕೂತಿದ್ದ.

ಬರೆಯುವಾಗ ಆ ಚಿಪ್ಪಿಗೆ ಇನ್ನೊಂದು ಕಟ್ಟಳೆಯಿದೆ. ಅದರ ಜಾಗವೆಲ್ಲ ಪುಟಗಳಾಗಿ ವಿಂಗಡವಾಗಿದೆ. ಒಂದು ಸಲ ಬರೆಯುವುದು ಒಂದೇ ಪುಟದೊಳಗೆ ಮುಗಿಯಬೇಕು. ಪುಟ ದಾಟಿದರೆ ಮುಂದಿನ ಪುಟಕ್ಕೆ ಹೋಗುವುದಿಲ್ಲ, ಅದೇ ಪುಟದ ತಲೆಗೆ ಹಿಂದಿರುಗಿ, ಮೊದಲು ಬರೆದದ್ದರ ಮೇಲೆಯೇ ಬರೆದು ಎಲ್ಲ ಕಲಸುಮೇಲೋಗರ ಮಾಡುತ್ತದೆ. ಗಂಡ ಓದುವ ಲೆಕ್ಕವನ್ನೇ ಇಲ್ಲಿಗೂ ಎತ್ತಿ ಹಾಕಿದ್ದ. ಲಿಫ್ಟ್‌ನವನನ್ನು ಕಳೆದ ಮೇಲೆ ತುಂಡುಗಳು ಪುಟಕ್ಕಿಂತ ಸ್ವಲ್ಪವೇ ಚಿಕ್ಕವಾಗಿದ್ದವು. ಎರಡನೆಯ ತುಂಡೇ ಪುಟದ ಅಂಚು ದಾಟುತ್ತಿತ್ತು. ಪೆಟ್ಟಿಗೆ ಬೆಳಿಗ್ಗೆ ಬಿಸಿಲಿನಲ್ಲಿ ನಿಂತು ಬೆಚ್ಚಗಾಗಿದ್ದರೂ ಆ ಅಂಕಿಗಳ ಮೇಲೆ ಮಧ್ಯಾಹ್ನದವು ಬಂದು ಕೂರುತ್ತವೆ. ಕೆಟ್ಟ ಲಸಿಕೆ ಒಳ್ಳೆಯದೆಂದು ತೋರಿದರೂ ತೋರೀತು. ಅವಳು ಹೇಳಿಕೊಟ್ಟದ್ದನ್ನು ಅವನು ತೆಗೆದುಕೊಂಡಿದ್ದ. ಯಾಕೆ ಎಂದು ತಿಳಿದುಕೊಂಡಿರಲಿಲ್ಲ. ತಿಳಿದುಕೊಳ್ಳುವ ಅಗತ್ಯ ಅವನಿಗೆ ಯಾವತ್ತು ಬಿದ್ದಿತ್ತು?

ಎದುರು ಸಾಲಿನಲ್ಲಿ ಗಂಡನ ತಲೆಯ ಹಿಂಭಾಗ ಕಾಣುತ್ತಿತ್ತು. ಎದ್ದು ನಾಲ್ಕು ಹೆಜ್ಜೆ ಹೋದರೆ ಕಿವಿಯಲ್ಲಿ ಹೇಳಬಹುದಿತ್ತು. ಅವನು ತಿರುಗಿ ನೋಡಿ ಕಣ್ಣಿನಲ್ಲೇ, ಆಯಿತಾ, ಎಂದು ಕೇಳಿದ. ಅವಳು ಕೆಂಪು ಗುರುತು ಹಾಕಿದಳು. ಪಕ್ಕದಲ್ಲಿ ಬರೆದಳು: ‘ಬರೆಯುವಾಗ ಪುಟದ ಅಂಚನ್ನು ಗಮನಿಸಿಲ್ಲ. ಹಳೆಯ ದಾಖಲೆ ಹಾಳಾಗುತ್ತದೆ. ಹೀಗೆಯೇ ಕಳಿಸುವಂತಿಲ್ಲ.’

ಮಹಡಿ ಈ ಸಲ ನಗಲಿಲ್ಲ. ರೇಡಿಯೊ ಕೂಡ ಪರದೆಯಲ್ಲಿ ಮುಖ ಹುದುಗಿಸಿಕೊಂಡ. ಸ್ವಲ್ಪ ಹೊತ್ತಿಗೆ ಮ್ಯಾನೇಜರ್ ಅವಳನ್ನು ಅದೇ ಗಾಜಿನ ಕೋಣೆಗೆ ಕರೆದರು.

"ಮೇಡಂ, ಬೇಜಾರು ಮಾಡ್ಕೋಬೇಡಿ. ನಿಮಗೆ ಬೇಸರ ಆಗಿದೆ, ನನಗೆ ಗೊತ್ತಾಗುತ್ತೆ. ಆದರೆ ಮನೆ ಜಗಳ ಇಲ್ಲಿಗೆ ತರೋದು ಸರಿನಾ?"

"ಇದು ಮನೆ ಜಗಳ ಅಲ್ಲ ಸಾರ್. ಪುಟದ ಅಂಚು."

"ಟೆಸ್ಟೆಲ್ಲ ಪಾಸಾಗಿದೆ ಅಂತಿದಾರೆ ಅವರು. ಇಷ್ಟು ದಿನ ಒಂದು ಆಕ್ಷೇಪ ಇಲ್ಲ. ಅವರು ಲೀಡ್ ಆದ ಮೇಲೆ, ಅದೂ ಪೆಟ್ಟಿಗೆ ಹೊರಡೋ ಹಿಂದಿನ ದಿನ, ಒಂದೇ ಸಲ ಕೆಂಪು. ನೋಡಿದೋರು ಏನಂದ್ಕೋತಾರೆ ಹೇಳಿ?"

ಅವಳಿಗೆ ಒಂದು ಕ್ಷಣ ನಗು ಬಂತು, ನಿಜವಾದ ನಗು. ಹೇಳದೆ ಇದ್ದಾಗ ಕಣ್ಣಿಲ್ಲದವಳು, ಹೇಳಿದಾಗ ಹೊಟ್ಟೆಕಿಚ್ಚಿನವಳು. ಇವೆರಡರ ನಡುವೆ ಒಬ್ಬ ಹೆಂಗಸು ನಿಲ್ಲುವಷ್ಟು ಜಾಗ ಆ ಗ್ರಾಫಿನಲ್ಲಿ ಎಲ್ಲಿಯೂ ಇರಲಿಲ್ಲ.

"ಏನು ಬೇಕಾದ್ರೂ ಅಂದ್ಕೊಳ್ಳಲಿ ಸಾರ್," ಎಂದಳು. "ಗುರುತು ಹಾಕಿದೋರೇ ತೆಗೀಬೇಕು. ನಾನು ತೆಗೆಯೋದಿಲ್ಲ. ಸರಿ ಮಾಡ್ಲಿ, ತೆಗೀತೀನಿ. ಬೇಕಾದ್ರೆ ಒಂದು ಪೆಟ್ಟಿಗೇಲಿ ಉದ್ದ ದಾಖಲೆ ಬರೆಸಿ ಓದಿಸಿ ನೋಡಿ."

ಮ್ಯಾನೇಜರ್ ಓದಿಸಿ ನೋಡಿದರು. ಅವರು ಕೆಟ್ಟವರಲ್ಲ ಎಂದು ಮೊದಲೇ ಹೇಳಿದೆಯಷ್ಟೆ. ಪರದೆಯ ಮೇಲೆ ಬೆಳಗಿನ ಅಂಕಿಗಳಿರಬೇಕಾದ ಕಡೆ ಯಾವ ಹೊತ್ತಿನವೂ ಅಲ್ಲದ ಅಂಕಿಗಳು ಸಾಲಾಗಿ ಬಂದು ನಿಂತವು. ಅವರು ಗಂಟಲು ಸರಿಮಾಡಿಕೊಂಡು, ಪಕ್ಕದಲ್ಲಿ ಬಂದು ನಿಂತಿದ್ದ ಗಂಡನ ಕಡೆ ತಿರುಗಿ, "ನಾಳೆ ಬೆಳಿಗ್ಗೆ ಪೆಟ್ಟಿಗೆ ಹೊರಡೋ ಮುಂಚೆ ಇದು ಸರಿಯಾಗಿರಬೇಕು," ಎಂದರು. ಅವಳಿಗೆ ಏನೂ ಹೇಳಲಿಲ್ಲ. ಅವಳ ಮೇಜನ್ನು ದಾಟುವಾಗ ನಡಿಗೆ ಸ್ವಲ್ಪ ಚುರುಕಾಯಿತು.

ಸಂಜೆ ಇಬ್ಬರೂ ಒಂದೇ ಲಿಫ್ಟಿನಲ್ಲಿ ಇಳಿದರು, ಒಂದೇ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಮನೆಗೆ ಬಂದರು. ಅವಳು ಅಡುಗೆ ಮಾಡಿದಳು. ಅವನು ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು ಲೆಕ್ಕ ಹಾಕಿದ, ಅಳಿಸಿದ, ಮತ್ತೆ ಹಾಕಿದ. ತುಂಡುಗಳನ್ನು ಪುಟಕ್ಕೆ ಹೊಂದಿಸಿದರೆ ಲಿಫ್ಟ್‌ನವನಿಗೆ ಜಾಗವಿಲ್ಲ, ಲಿಫ್ಟ್‌ನವನನ್ನು ಕೂರಿಸಿದರೆ ಪುಟ ತಪ್ಪುತ್ತದೆ. ಅವನ ಹಣೆಯ ಮೇಲೆ ಬೆವರು ಬಂದದ್ದನ್ನು ಅವಳು ಒಲೆಯ ಮುಂದಿನಿಂದಲೇ ಕಂಡಳು. ಕನಿಕರವೂ ಆಯಿತು. ಎಷ್ಟಾದರೂ ಪರೀಕ್ಷೆಯಲ್ಲಿ ಪಕ್ಕದಲ್ಲಿ ಕೂತು ಇದೇ ಮುಖ ಮಾಡುತ್ತಿದ್ದವನು. ಆಗ ಅವಳು ಕಾಗದವನ್ನು ಸ್ವಲ್ಪ ಅವನ ಕಡೆ ಸರಿಸುತ್ತಿದ್ದಳು.

ಅತ್ತೆಯ ಧಾರಾವಾಹಿ ಶುರುವಾಗಿ, ಟಿವಿಯಲ್ಲಿ ಯಾರೋ ಜೋರಾಗಿ ಅಳತೊಡಗಿದರು. ಅವನು ಅದಕ್ಕೇ ಕಾದಿದ್ದವನಂತೆ ಮುಂದಕ್ಕೆ ಬಾಗಿದ.

"ಇಲ್ಲೇ ಹೇಳಬಹುದಿತ್ತಲ್ಲ ಕಣೇ. ಎಲ್ಲರ ಮುಂದೆ ಮಾನ ಕಳೀಬೇಕಿತ್ತಾ?"

ಅವಳು ತಟ್ಟೆಗಳನ್ನಿಟ್ಟಳು.

"ಸರಿ, ಆಗಿದ್ದು ಆಯ್ತು. ತುಂಡು ಎಲ್ಲಿ ಕತ್ತರಿಸ್ಬೇಕು, ಅದನ್ನಾದ್ರೂ ಹೇಳು. ನಿನಗೆ ಗೊತ್ತಿದೆ ಅಂತ ನನಗೆ ಗೊತ್ತು. ನಾಳೆ ಪೆಟ್ಟಿಗೆ ಹೋಗ್ಬೇಕು."

"ಅಲ್ಲಿ ಕೇಳಿ."

"ಎಲ್ಲಿ?"

"ಆಕ್ಷೇಪದ ಕೆಳಗೆ. ಉತ್ತರ ಅಲ್ಲೇ ಬರೀತೀನಿ."

ಟಿವಿ ಅಷ್ಟು ಜೋರಾಗಿದ್ದಾಗಲೂ ಅವಳು ‘ಕೇಳಿ’ ಎಂದದ್ದು ಅವನಿಗೆ ಎಲ್ಲಕ್ಕಿಂತ ಮೊದಲು ತಟ್ಟಿತು. ಅವನು ಹೆಂಡತಿಯ ಮುಖವನ್ನೇ ನೋಡಿದ. ತಮಾಷೆ ಮಾಡುತ್ತಿದ್ದಾಳೆ, ಈಗ ನಗುತ್ತಾಳೆ ಎಂದು ಕಾದ. ಅವಳು ಅವನ ತಟ್ಟೆಗೆ ಅನ್ನ ಹಾಕಿ, ತನ್ನದಕ್ಕೂ ಹಾಕಿಕೊಂಡು, ಎದುರು ಬದಿಯ ಕುರ್ಚಿಯಲ್ಲಿ ಕೂತಳು. ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ಇಟ್ಟುಕೊಂಡಳು.

ಅವನು ಲ್ಯಾಪ್‌ಟಾಪನ್ನು ಎಳೆದುಕೊಂಡ. ಆಮೇಲೆ ಕೀಲಿಗಳ ಸದ್ದು, ಅಳಿಸುವ ಕೀಲಿಯ ಒಂದೇ ಸಮನೆಯ ಸದ್ದು, ಮತ್ತೆ ಕೀಲಿಗಳ ಸದ್ದು. ಅವಳ ಫೋನು ಕುಂಯ್ ಎಂದಿತು.

‘ಮೇಡಂ, ನಿಮ್ಮ ಆಕ್ಷೇಪ ಸರಿಯಾಗಿದೆ. ಇದನ್ನು ಸರಿಪಡಿಸುವುದು ನನಗೆ ತಿಳಿಯುತ್ತಿಲ್ಲ. ದಯವಿಟ್ಟು ವಿವರಿಸುತ್ತೀರಾ?’

ಇಡೀ ತಂಡಕ್ಕೆ ಕಾಣುವ ಜಾಗದಲ್ಲಿ ಈ ಮೂರು ಸಾಲು ನೋಡಬೇಕೆಂದು ಅವಳು ಎಷ್ಟು ದಿನದಿಂದ ಬಯಸಿದ್ದಳೋ. ಈಗ ನೋಡಿದಳು. ಅದರಲ್ಲಿ ಯಾವ ರುಚಿಯೂ ಇರಲಿಲ್ಲ. ಕೈ ಒರೆಸಿಕೊಂಡು, ಒಂದು ಬೆರಳಿನಿಂದ, ನಿಧಾನವಾಗಿ ಬರೆದಳು: ಮೊದಲು ಪುಟದಲ್ಲಿ ಎಷ್ಟು ಜಾಗ ಉಳಿದಿದೆ ನೋಡಬೇಕು, ಆಮೇಲೆ ಗಾಡಿಯಲ್ಲಿ ಎಷ್ಟು ಹಿಡಿಯುತ್ತದೆ ನೋಡಬೇಕು, ಯಾವುದು ಕಡಿಮೆಯೋ ಅಷ್ಟನ್ನೇ ಕಳಿಸಬೇಕು, ಪ್ರತಿ ತುಂಡಿಗೂ ಹೊಸದಾಗಿ ಲೆಕ್ಕ ಹಾಕಬೇಕು. ಯಾವ ಹೋಲಿಕೆಯನ್ನೂ ಕೊಡಲಿಲ್ಲ.

ಎದುರಿನ ಲ್ಯಾಪ್‌ಟಾಪು ಟಿಣ್ ಎಂದಿತು. ಅವನು ಓದಿದ. "ಓ" ಎನ್ನಲು ಬಾಯಿ ತೆರೆದವನು ತುಟಿ ಮುಚ್ಚಿ, ಬೆರಳುಗಳನ್ನು ಕೀಲಿಗಳ ಮೇಲೆ ತಂದ.

ಫೋನು ಮತ್ತೆ ಕುಂಯ್ ಎಂದಿತು. ‘ಧನ್ಯವಾದಗಳು ಮೇಡಂ.’

ಮೇಜಿನ ಕಡೆಯಿಂದ ಏನೂ ಕೇಳಿಸದೆ ಅತ್ತೆಗೆ ಧಾರಾವಾಹಿಯಲ್ಲಿ ಮನಸ್ಸು ನಿಲ್ಲಲಿಲ್ಲ. ರಿಮೋಟು ಹುಡುಕಿ ಸದ್ದನ್ನು ತಗ್ಗಿಸಿದರು. ಆಮೇಲೆ ಸದ್ದನ್ನೇ ಪೂರ್ತಿ ನಿಲ್ಲಿಸಿದರು. "ಏನ್ರೋ, ಇಬ್ರೂ ಊಟಕ್ಕೆ ಕೂತಿದೀರಾ ತಾನೆ?" ಎಂದು ಕತ್ತು ಹೊರಳಿಸಿ ಕೇಳಿದರು.

"ಹೂಂ ಅಮ್ಮ," ಎಂದ ಮಗ.

ಅವನ ತಟ್ಟೆಯಲ್ಲಿ ಅನ್ನ ಮುಗಿದಿತ್ತು. ಅವಳು ಸೌಟು ಎತ್ತಿದಳು, ಅವನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ಸಾಕೆಂದ. ಟಿವಿಯ ಪರದೆಯ ಮೇಲೆ ಅಳುತ್ತಿದ್ದವಳು ಸದ್ದಿಲ್ಲದೆ ಅಳುತ್ತಲೇ ಇದ್ದಳು.